ಹೆಸರಿಲ್ಲದ ಗುಡ್ಡೆಯ ಗುರುತು

ಪಿತೃಪಕ್ಷದಲ್ಲಿ ಎಡೆ ಇಡುವ ಹೊತ್ತಿಗೆ ಗಾವಡಗೆರೆ ಕಡೆಯ ಎಷ್ಟೋ ಮನೆಗಳಲ್ಲಿ ಈ ಮಾತು ಬರುತ್ತದೆ. ತಾತನ ಹೆಸರು ಹೇಳಿದ್ದಾಯಿತು, ಅಜ್ಜಿಯ ಹೆಸರು ಹೇಳಿದ್ದಾಯಿತು. ಮುತ್ತಾತನ ಹೆಸರು ಬಂದಾಗ ಹುಡುಗನೊಬ್ಬ ಕೇಳುತ್ತಾನೆ: “ಅವ್ರನ್ನ ಎಲ್ಲಿ ಮಣ್ಣು ಮಾಡಿದ್ರು?” ದೊಡ್ಡವರು ಮುಖ ಮುಖ ನೋಡಿಕೊಳ್ಳುತ್ತಾರೆ. “ಕೊಡಗಿನ ತೋಟದಾಗೆ ಅಂತಿದ್ರು ನಮ್ಮಪ್ಪ” ಎಂದು ಒಬ್ಬರು ಹೇಳಿದರೆ ಅಲ್ಲಿಗೆ ಮಾತು ಮುಗಿಯುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಿಂದ ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋದ ಮನೆಗಳು ಬಹಳ. ಹುಣಸೂರಿನಿಂದ ತಿತಿಮತಿ ಮೇಲೆ ಗೋಣಿಕೊಪ್ಪಕ್ಕೆ, ಪಿರಿಯಾಪಟ್ಟಣದಿಂದ ಸಿದ್ದಾಪುರಕ್ಕೆ ದಾರಿ. ಹೋದವರಲ್ಲಿ ಕೆಲವರು ಜ್ವರಕ್ಕೋ ಹಾವಿಗೋ ಸಿಕ್ಕಿ ಅಲ್ಲೇ ತೀರಿಕೊಂಡರು. ಹೆಣವನ್ನು ಊರಿಗೆ ತರಲು ಗಾಡಿಯೂ ಇಲ್ಲ, ದುಡ್ಡೂ ಇಲ್ಲ. ತೋಟದ ಅಂಚಿನಲ್ಲಿ ಅವತ್ತೇ ಮಣ್ಣು ಮಾಡಿದರು. ಈಗ ಮೂರನೇ ತಲೆಮಾರು ಆ ಜಾಗ ಹುಡುಕಲು ಹೊರಟಿದೆ. ಇಂಥ ಹುಡುಕಾಟವನ್ನು ಎಲ್ಲಿಂದ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಈ ಬರಹದ ವಿಷಯ. ಕೊಡಗಿನ ತೋಟವನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಬೇರೆ ಊರಿನ ಸ್ಮಶಾನಕ್ಕೂ ದಾರಿ ಇದೇ.

ಗುರುತು ಇತ್ತು, ಬರಹ ಇರಲಿಲ್ಲ

ಮೊದಲು ಒಂದು ತಿಳಿವಳಿಕೆ ಬೇಕು. ನಮ್ಮ ಹಿರಿಯರ ಗುಡ್ಡೆಗಳಿಗೆ ಗುರುತೇ ಇರಲಿಲ್ಲ ಎನ್ನುವುದು ಸರಿಯಲ್ಲ. ತಲೆಯ ಕಡೆಗೊಂದು ಕಾಡುಗಲ್ಲು, ಪಕ್ಕದಲ್ಲೊಂದು ಎಕ್ಕದ ಗಿಡ, “ಹಲಸಿನ ಮರದಿಂದ ಪಡುವಲಿಗೆ ನಾಲ್ಕು ಮಾರು” ಎಂಬ ಲೆಕ್ಕ, ಇವೇ ಗುರುತು. ಹಾಲುತುಪ್ಪ ಬಿಡಲು ಬರುವವರಿಗೆ ಜಾಗ ತಿಳಿದರೆ ಸಾಕಿತ್ತು, ಓದಿ ತಿಳಿಯುವವರು ಯಾರೂ ಇರಲಿಲ್ಲ. ಆದ್ದರಿಂದ ಹೆಸರು ಕೆತ್ತಿದ ಕಲ್ಲನ್ನು ಹುಡುಕಿಕೊಂಡು ಹೋದವರು ಬರಿಗೈಯಲ್ಲಿ ಬರುತ್ತಾರೆ. ಮರ, ಬದು, ಹಳ್ಳ, ದಾರಿಯನ್ನು ಹುಡುಕಿಕೊಂಡು ಹೋದವರಿಗೆ ಏನಾದರೂ ಸಿಗುತ್ತದೆ.

ಎರಡನೆಯ ಗುರುತನ್ನು ನೆಲವೇ ಇಟ್ಟುಕೊಂಡಿರುತ್ತದೆ. ಗುಂಡಿ ತೋಡಿದಾಗ ಮೇಲಿನ ಕಪ್ಪು ಮಣ್ಣು, ಕೆಳಗಿನ ಕೆಂಪು ಮಣ್ಣು, ಗರುಸು ಎಲ್ಲ ಬೆರೆಯುತ್ತವೆ. ಮುಚ್ಚಿದ ಮೇಲೆ ಅವು ಹಿಂದಿನ ಪದರಕ್ಕೆ ಮರಳುವುದಿಲ್ಲ. ಸಡಿಲ ಮಣ್ಣು ಮಳೆಗೆ ಕುಸಿಯುತ್ತ ಹೋಗಿ, ಮೊದಲು ದಿಬ್ಬವಾಗಿದ್ದದ್ದು ವರ್ಷಗಳ ನಂತರ ತಗ್ಗಾಗುತ್ತದೆ. ತಗ್ಗಿನಲ್ಲಿ ತೇವ ಹೆಚ್ಚು ದಿನ ನಿಲ್ಲುವುದರಿಂದ ಅಲ್ಲಿನ ಹುಲ್ಲು ಬೇಗ ಚಿಗುರುತ್ತದೆ, ತಡವಾಗಿ ಒಣಗುತ್ತದೆ. ಜನರ ನೆನಪು ನಿಮ್ಮನ್ನು ಜಮೀನಿನ ತನಕ ಕರೆದೊಯ್ಯುತ್ತದೆ, ದಾಖಲೆ ಅದರ ಸರ್ವೆ ನಂಬರ್ ಕೊಡುತ್ತದೆ, ಕೊನೆಯ ಹತ್ತು ಅಡಿಯನ್ನು ನೆಲ ಹೇಳುತ್ತದೆ. ಈ ಕ್ರಮ ತಪ್ಪಿಸಿ ನೇರವಾಗಿ ನೆಲಕ್ಕೆ ಇಳಿದರೆ ಎಲ್ಲ ತಗ್ಗೂ ಗುಡ್ಡೆಯಂತೆಯೇ ಕಾಣುತ್ತದೆ.

ಹುಡುಕಾಟದ ಹೆಜ್ಜೆಗಳು

1. ಒಂದೇ ಹಾಳೆಯಲ್ಲಿ ಬರೆಯಿರಿ. ಯಾರನ್ನು ಹುಡುಕುತ್ತಿದ್ದೀರಿ, ತಂದೆಯ ಹೆಸರೇನು, ಮನೆತನದ ಅಡ್ಡಹೆಸರೇನು, ಯಾವ ಊರಿಂದ ಹೋದರು, ಯಾರ ಜೊತೆ ಹೋದರು. ನಮ್ಮಲ್ಲಿ ತಾತನ ಹೆಸರನ್ನೇ ಮೊಮ್ಮಗನಿಗೆ ಇಡುವ ರೂಢಿ ಇರುವುದರಿಂದ ಒಂದೇ ಹೆಸರಿನ ಇಬ್ಬರು ಮೂವರು ಒಂದೇ ಮನೆಯಲ್ಲಿ ಸಿಗುತ್ತಾರೆ. ಅಡ್ಡಹೆಸರೇ ಅವರನ್ನು ಬೇರೆ ಮಾಡುವುದು. ನಿಮ್ಮ ಕುಲಕ್ಕೆ ಹೆಳವರು ಬಂದು ವಂಶಾವಳಿ ಹೇಳುವ ವಾಡಿಕೆ ಇದ್ದರೆ ಅವರನ್ನೂ ಕೇಳಿ. ಯಾವ ಕವಲು ಯಾವ ಊರಿಗೆ ಹೋಯಿತು ಎಂಬುದು ಅವರ ಹೊತ್ತಗೆಯಲ್ಲಿ ಇರಬಹುದು.

2. ವರ್ಷವನ್ನು ಘಟನೆಯಿಂದ ಹಿಡಿಯಿರಿ. ಹಿರಿಯರನ್ನು “ಯಾವ ಇಸವಿ?” ಎಂದು ಕೇಳಬೇಡಿ. “ಕನ್ನಂಬಾಡಿ ಕಟ್ಟೋವಾಗಲಾ?” ಎಂದು ಕೇಳಿ. ಅದು 1911ರಿಂದ 1932ರವರೆಗಿನ ಕಾಲ. ಮೈಸೂರು ಸೀಮೆಗೆ ಪ್ಲೇಗ್ ಮೊದಲು ಬಂದದ್ದು 1898ರಲ್ಲಿ, ಇನ್‌ಫ್ಲುಯೆಂಜಾ 1918ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು 1940ರ ಆಗಸ್ಟ್‌ನಲ್ಲಿ. ಕಬಿನಿ ಅಣೆಕಟ್ಟು ಮುಗಿದದ್ದು 1974ರಲ್ಲಿ. “ಅರಸು ಮುಖ್ಯಮಂತ್ರಿ ಆದಾಗ” ಎಂದರೆ 1972. ದೇವರಾಜ ಅರಸರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ್ದರಿಂದ ನಮ್ಮ ಹಿರಿಯರಿಗೆ ಆ ವರ್ಷ ಮರೆಯುವುದಿಲ್ಲ.

ಹಳೆಯ ಕಾಗದದಲ್ಲಿ ಸಂವತ್ಸರದ ಹೆಸರು ಸಿಕ್ಕಿದರೆ ಇನ್ನೂ ಒಳ್ಳೆಯದು. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. ಪ್ರಭವ ಎಂದರೆ 1927–28 ಅಥವಾ 1987–88. ವಿಕ್ರಮ ಎಂದರೆ 1940–41 ಅಥವಾ 2000–01. ಎರಡರಲ್ಲಿ ಯಾವುದು ಎಂಬುದು ವಯಸ್ಸಿನ ಲೆಕ್ಕದಿಂದ ತಾನಾಗಿ ತಿಳಿಯುತ್ತದೆ.

3. ಜೊತೆಗೆ ಹೋದವರ ಮನೆ ಹುಡುಕಿ. ತೋಟಕ್ಕೆ ಯಾರೂ ಒಂಟಿಯಾಗಿ ಹೋಗುತ್ತಿರಲಿಲ್ಲ. ಮೇಸ್ತ್ರಿ ಮುಂಗಡ ಕೊಟ್ಟು ಒಂದೇ ಊರಿನ, ಅಕ್ಕಪಕ್ಕದ ಊರಿನ ಆಳುಗಳನ್ನು ಕಟ್ಟಿಕೊಂಡು ಹೋಗುತ್ತಿದ್ದ. ಒಂದೇ ಲೈನ್‌ಮನೆಯಲ್ಲಿ, ಅಂದರೆ ತೋಟದ ಆಳುಗಳ ಸಾಲುಮನೆಯಲ್ಲಿ ಇರುತ್ತಿದ್ದರು. ಒಬ್ಬ ಸತ್ತರೆ ಗುಂಡಿ ತೋಡಿದವರು, ಹೆಗಲು ಕೊಟ್ಟವರು, ಊರಿಗೆ ಸುದ್ದಿ ತಂದವರು ಅವರೇ. ನಿಮ್ಮ ಮನೆಯಲ್ಲಿ ಕಳೆದುಹೋದ ಸಂಗತಿ ಅವರ ಮನೆಯಲ್ಲಿ ಉಳಿದಿರಬಹುದು. ನಮ್ಮ ಊರಿನ ಮೇಸ್ತ್ರಿ ಯಾರು, ಅವರ ಮಕ್ಕಳು ಮೊಮ್ಮಕ್ಕಳು ಎಲ್ಲಿದ್ದಾರೆ ಎಂಬುದನ್ನು ತೋಟ ಹುಡುಕುವ ಮೊದಲೇ ತಿಳಿದುಕೊಳ್ಳಿ. ಎಷ್ಟೋ ಸಲ ತೋಟದ ಹೆಸರೇ ಇಲ್ಲಿ ಸಿಗುತ್ತದೆ.

4. ಕೇಳುವ ಬಗೆ ಕಲಿಯಿರಿ. “ಗುಡ್ಡೆ ಎಲ್ಲಿದೆ?” ಎಂದು ಕೇಳಿದರೆ “ಯಾರಿಗ್ ಗೊತ್ತಪ್ಪ” ಎಂಬ ಉತ್ತರ ಬರುತ್ತದೆ. ಅದೇ “ತಾತಾ, ಲೈನ್‌ಮನೆಯಿಂದ ಹೊತ್ಕೊಂಡು ಯಾವ ಕಡೆ ಹೋದ್ರಂತೆ? ಹೊಳೆ ದಾಟಿದ್ರಾ? ಏರು ಹತ್ತಿದ್ರಾ?” ಎಂದು ಕೇಳಿ. ಜನ ಜಾಗವನ್ನು ಮರೆತರೂ ನಡೆದ ದಾರಿಯನ್ನು ಅಷ್ಟು ಸುಲಭವಾಗಿ ಮರೆಯುವುದಿಲ್ಲ. “ಆ ಅತ್ತಿ ಮರದ ತಾವ” ಎಂಬ ಒಂದು ಮಾತು ನಿಮಗೆ ಸಾಕು. ಇಬ್ಬರನ್ನು ಬೇರೆ ಬೇರೆಯಾಗಿ ಕೇಳಿ. ಒಟ್ಟಿಗೆ ಕೂರಿಸಿದರೆ ಜೋರು ದನಿಯವರ ನೆನಪೇ ಇಬ್ಬರ ನೆನಪೂ ಆಗಿಬಿಡುತ್ತದೆ. ಅವರ ಒಪ್ಪಿಗೆ ಪಡೆದು ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳಿ.

5. ಆ ಕಾಲದ ತಾಲ್ಲೂಕು ಯಾವುದೆಂದು ನೋಡಿ. ಕಾಗದ ಸಿಗದಿರಲು ದೊಡ್ಡ ಕಾರಣ ತಪ್ಪು ಕಚೇರಿಗೆ ಹೋಗುವುದು. ಈಗಿನ ಕೆ.ಆರ್. ನಗರ ತಾಲ್ಲೂಕು ಹಿಂದೆ ಯಡತೊರೆ ತಾಲ್ಲೂಕು. ಸಾಲಿಗ್ರಾಮ, ಸರಗೂರು ಇತ್ತೀಚೆಗೆ ಆದ ತಾಲ್ಲೂಕುಗಳು. ಅವುಗಳ ಹಳೆಯ ಕಡತವನ್ನು ಕ್ರಮವಾಗಿ ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲೂ ವಿಚಾರಿಸಬೇಕು. ಕೊಡಗು 1956ರ ನವೆಂಬರ್ 1ರವರೆಗೆ ಬೇರೆಯೇ ರಾಜ್ಯ. ಆದ್ದರಿಂದ ಅಲ್ಲಿ ಸತ್ತವರ ದಾಖಲೆ ಮೈಸೂರಿನಲ್ಲಿ ಸಿಗುವ ಆಸೆ ಬೇಡ, ಮಡಿಕೇರಿ ಕಡೆಗೇ ಹೋಗಬೇಕು. ಅಲ್ಲೂ ಪೊನ್ನಂಪೇಟೆ, ಕುಶಾಲನಗರ ಹೊಸ ತಾಲ್ಲೂಕುಗಳು. ಹಳೆಯ ಕಡತಕ್ಕೆ ವಿರಾಜಪೇಟೆ, ಸೋಮವಾರಪೇಟೆಗಳನ್ನೂ ಕೇಳಿ.

ಜನನ ಮರಣ ನೋಂದಣಿ ಕಾಯ್ದೆ 1969ರದ್ದು. ಅದಕ್ಕೂ ಹಿಂದೆ ಹಳ್ಳಿಗಳಲ್ಲಿ ಸಾವು ಬರೆಸುವುದು ಅಷ್ಟಾಗಿ ನಡೆಯುತ್ತಿರಲಿಲ್ಲ. ಸಿಕ್ಕಿದ ದಾಖಲೆಯಲ್ಲೂ ಸತ್ತ ಸ್ಥಳ ಇರುತ್ತದೆಯೇ ಹೊರತು ಹೂಳಿದ ಜಾಗ ಇರುವುದಿಲ್ಲ. ತೋಟದ ಕಚೇರಿಯಲ್ಲಿ ಹಳೆಯ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ ಉಳಿದಿದ್ದರೆ ಲೆಕ್ಕ ಬರೆಯುವ ರೈಟರನ್ನು ಕೇಳಿ ನೋಡಿ. ಹೆಸರು ಯಾವ ತಿಂಗಳಿಗೆ ನಿಂತುಹೋಗಿದೆ ಎಂಬುದೂ ಒಂದು ಸುಳಿವು.

6. ಸರ್ವೆ ನಂಬರಿಗೆ ಇಳಿಯಿರಿ. ಇಷ್ಟು ಹೊತ್ತಿಗೆ ಊರು ಅಥವಾ ತೋಟ ತಿಳಿದಿರುತ್ತದೆ. ಇನ್ನು ಗ್ರಾಮ ನಕ್ಷೆ ತೆಗೆಯಿರಿ. ಇದು ಭೂದಾಖಲೆ ಇಲಾಖೆಯ ಜಾಲತಾಣದಲ್ಲೂ ಸಿಗುತ್ತದೆ. ನಕ್ಷೆಯಲ್ಲಿ ಸ್ಮಶಾನ, ಹಳ್ಳ, ಕಾಲುದಾರಿಗಳ ಗುರುತು ನೋಡಿ. ಪಹಣಿಯಲ್ಲಿ ‘ಬ’ ಖರಾಬು ಎಂದು ಬಿಟ್ಟ ಜಾಗ ಸಾರ್ವಜನಿಕ ಬಳಕೆಯದು. ರಸ್ತೆ, ಹಳ್ಳದಂತೆ ಸ್ಮಶಾನವೂ ಅದರೊಳಗೆ ಬರುತ್ತದೆ. ಕೊಡಗಿನಲ್ಲಿ ಪೈಸಾರಿ ಎನ್ನುವ ಸರ್ಕಾರಿ ಜಾಗವನ್ನೂ ನೋಡಿ. ಒಳ್ಳೆಯ ಗಿಡ ಬೆಳೆಯುವ ನೆಲವನ್ನು ಆಳುಗಳ ಹೆಣಕ್ಕೆ ಯಾವ ಧಣಿಯೂ ಬಿಟ್ಟುಕೊಡುತ್ತಿರಲಿಲ್ಲ. ಹೊಳೆಯಂಚು, ಕಲ್ಲುಬಂಡೆ, ಬೇಲಿಯಾಚೆಯ ಪೈಸಾರಿ, ಇವೇ ಅವರಿಗೆ ದಕ್ಕಿದ ಜಾಗ. ನಂಬರ್ ಸಿಕ್ಕಿದ ಮೇಲೆ ದಿಶಾಂಕ್ ಆ್ಯಪ್ ಹಾಕಿಕೊಂಡು ಹೋದರೆ ನೀವು ನಿಂತ ನೆಲದ ಸರ್ವೆ ನಂಬರ್ ಮೊಬೈಲಿನಲ್ಲೇ ಕಾಣುತ್ತದೆ.

ಗಣಕೀಕರಣಕ್ಕೂ ಹಿಂದಿನ ಕೈಬರಹದ ಪಹಣಿ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇರುತ್ತದೆ. ಭೂ ಸುರಕ್ಷಾ ಯೋಜನೆಯಲ್ಲಿ ಇವನ್ನೆಲ್ಲ ಸ್ಕ್ಯಾನ್ ಮಾಡುವ ಕೆಲಸ ನಡೆದಿದೆ. ಅರ್ಜಿ ಹಾಕುವಾಗ ಸರ್ವೆ ನಂಬರ್, ಗ್ರಾಮ, ಹೋಬಳಿ, ಬೇಕಾದ ವರ್ಷ ಇಷ್ಟನ್ನೂ ಬರೆಯಿರಿ. “ನಮ್ಮ ತಾತನ ಸಮಾಧಿಯ ದಾಖಲೆ ಕೊಡಿ” ಎಂದು ಬರೆದರೆ ಯಾವ ಗುಮಾಸ್ತರಿಂದಲೂ ಹುಡುಕಲು ಆಗುವುದಿಲ್ಲ.

7. ಮತದ ದಾಖಲೆ ಇದ್ದರೆ ಅದನ್ನೇ ಮೊದಲು ನೋಡಿ. ಕ್ರೈಸ್ತರಾದರೆ ಚರ್ಚಿನ ಮರಣ ರಿಜಿಸ್ಟರ್ ಇರುತ್ತದೆ. ತೋಟದ ಕಡೆಯವರು ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚಿನಂಥ ಹಳೆಯ ಧರ್ಮಕೇಂದ್ರಗಳಿಂದ ಶುರು ಮಾಡಬಹುದು. ಅದು 1792ರಷ್ಟು ಹಳೆಯದು. ಮುಸ್ಲಿಮರಾದರೆ ಖಬರಸ್ತಾನದ ಮುತವಲ್ಲಿಯವರನ್ನು, ಜಮಾತಿನ ಹಿರಿಯರನ್ನು ಕಾಣಿ. ಗೋರಿ ತೋಡುವವರ ಮನೆತನ ಒಂದೇ ಆಗಿದ್ದರೆ ರಿಜಿಸ್ಟರಿಗಿಂತ ಅವರ ಬಾಯಿಮಾತೇ ಹೆಚ್ಚು ಖಚಿತ.

8. ಕಾಲ ನೋಡಿ ಹೊರಡಿ. ಹುಣಸೂರು, ಪಿರಿಯಾಪಟ್ಟಣದ ಕಡೆ ಮುಂಗಾರಿನ ಹೊತ್ತಿಗೆ ಹೊಗೆಸೊಪ್ಪಿನ ಸಸಿ ನೆಡುತ್ತಾರೆ. ಆಮೇಲೆ ಹೊಲದೊಳಗೆ ಕಾಲಿಡುವಂತಿಲ್ಲ. ಸುಗ್ಗಿ ಮುಗಿದು ಉಳುಮೆ ಶುರುವಾಗುವ ಮುನ್ನ, ಫೆಬ್ರವರಿ ಮಾರ್ಚಿನಲ್ಲಿ ಹೋಗಿ. ಕೊಡಗಿನಲ್ಲಾದರೆ ಕಾಫಿ ಹಣ್ಣಿನ ಕುಯಿಲು ಮುಗಿಯಲಿ. ಕುಯಿಲಿನ ನಡುವೆ ಹೋದರೆ ರೈಟರಿಗೂ ಬಿಡುವಿಲ್ಲ, ಆಳುಗಳಿಗೂ ಇಲ್ಲ. ಮೊದಲ ಮಳೆ ಬಿದ್ದು ಒಂದು ವಾರವಾದಾಗ ಇನ್ನೊಮ್ಮೆ ಹೋಗಿ ಬನ್ನಿ. ಒಣನೆಲದಲ್ಲಿ ಕಾಣದ ತಗ್ಗು ಹಸಿರಾಗಿ ಕಾಣುತ್ತದೆ.

9. ನೆಲ ಓದುವುದು. ಬಿಸಿಲು ಓರೆಯಾಗಿ ಬೀಳುವಾಗ ನೋಡಿ. ನೆತ್ತಿಯ ಮೇಲಿನ ಬಿಸಿಲಿಗೆ ಕಾಣದ ನಾಲ್ಕು ಬೆರಳಿನ ತಗ್ಗು ಓರೆ ಬಿಸಿಲಿಗೆ ನೆರಳು ಕೊಟ್ಟು ಎದ್ದು ಕಾಣುತ್ತದೆ. ಒಂದು ತಗ್ಗು ಕಂಡರೆ ಅದನ್ನು ಬಿಟ್ಟು ಅದರ ಸಾಲನ್ನು ಹುಡುಕಿ. ಸ್ಮಶಾನದಲ್ಲಿ ಗುಡ್ಡೆಗಳು ಒಂದೇ ದಿಕ್ಕಿಗೆ ಇರುತ್ತವೆ, ಮರ ಬಿದ್ದ ಗುಂಡಿಗೆ ದಿಕ್ಕಿಲ್ಲ.

ದಿಕ್ಕೂ ಆಕಾರವೂ ಮಾತನಾಡುತ್ತವೆ. ಮುಸ್ಲಿಮರ ಗೋರಿ ಬಡಗ ತೆಂಕಲಾಗಿ ಉದ್ದ ಇರುತ್ತದೆ, ಮುಖ ಪಡುವಲಿನ ಮೆಕ್ಕಾ ಕಡೆಗೆ. ಕ್ರೈಸ್ತರ ಹಳೆಯ ರೂಢಿ ಮೂಡಲು ಪಡುವಲು. ಲಿಂಗಾಯತರಲ್ಲಿ ಕೂರಿಸಿ ಮಣ್ಣು ಮಾಡುವುದರಿಂದ ಜಾಗ ಉದ್ದವಾಗಿರದೆ ಹೆಚ್ಚುಕಡಿಮೆ ಚೌಕವಾಗಿರುತ್ತದೆ. ನಿಮ್ಮ ಮನೆಯ ಪದ್ಧತಿ ಯಾವುದೆಂದು ಮೊದಲೇ ತಿಳಿದಿದ್ದರೆ ಅರ್ಧ ತಗ್ಗುಗಳನ್ನು ಅಲ್ಲೇ ಕೈಬಿಡಬಹುದು. ಸುತ್ತಲಿನ ನೆಲಕ್ಕೆ ಹೊಂದದ ಕಲ್ಲು, ತಾನಾಗಿ ಹುಟ್ಟದ ದೇವಗಣಗಿಲೆಯಂಥ ಗಿಡ, ಇವನ್ನು ಯಾರೋ ತಂದು ಇಟ್ಟಿದ್ದಾರೆ ಎಂದೇ ತಿಳಿಯಿರಿ.

10. ಕಂಡದ್ದನ್ನು ಅಳೆದು ಬರೆಯಿರಿ. ಕದಲದ ಮೂರು ಗುರುತುಗಳಿಂದ, ಅಂದರೆ ಬಂಡೆ, ಸರ್ವೆ ಕಲ್ಲು, ಬಾವಿಕಟ್ಟೆಯಂಥವುಗಳಿಂದ ಟೇಪು ಹಿಡಿದು ಅಳೆಯಿರಿ. ಎರಡು ಅಳತೆಯಿಂದ ಎರಡು ಜಾಗ ಬರುತ್ತದೆ, ಮೂರನೆಯದು ಯಾವುದು ಸರಿ ಎಂದು ತೀರ್ಮಾನಿಸುತ್ತದೆ. ಮೊಬೈಲಿನ ಜಿಪಿಎಸ್ ಅಂಕಿಯನ್ನೂ ಬರೆದುಕೊಳ್ಳಿ. ಮರಗಳ ಅಡಿಯಲ್ಲಿ ಅದು ಕೆಲವು ಮೀಟರ್ ಆಚೀಚೆ ಹೋಗುವುದರಿಂದ ಅದೊಂದನ್ನೇ ನಂಬಬೇಡಿ. ಒಂದು ಪ್ರತಿ ಮನೆಯಲ್ಲಿರಲಿ, ಇನ್ನೊಂದು ದಾಯಾದಿಗಳ ಮನೆಯಲ್ಲಿರಲಿ.

ಜಾಗವೇ ಕೈಗೆ ಸಿಗದಿದ್ದಾಗ

*ನೀರಿನಡಿ ಹೋಗಿದ್ದರೆ:* ಕನ್ನಂಬಾಡಿ, ಕಬಿನಿ ಹಿನ್ನೀರಿನಲ್ಲಿ ಊರುಗಳ ಜೊತೆಗೆ ಅವುಗಳ ಸ್ಮಶಾನವೂ ಮುಳುಗಿತು. ಮುಳುಗಡೆಗೂ ಹಿಂದಿನ ಗ್ರಾಮ ನಕ್ಷೆ, ಭೂಸ್ವಾಧೀನದ ಕಡತ ಇವೇ ಆಧಾರ. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಗೋಡೆ, ಬಾವಿ ಕಾಣುವುದುಂಟು. ಹೂಳಿನಲ್ಲಿ ಕಾಲು ಸಿಕ್ಕಿಕೊಳ್ಳುವ ಅಪಾಯ ಇರುವುದರಿಂದ ಸ್ಥಳೀಯ ಮೀನುಗಾರರಿಲ್ಲದೆ ಇಳಿಯಬೇಡಿ.

*ಕಾಡಿನೊಳಗೆ ಇದ್ದರೆ:* ನಾಗರಹೊಳೆಯಿಂದ ಹುಣಸೂರು ತಾಲ್ಲೂಕಿನ ನಾಗಾಪುರಕ್ಕೆ ಬಂದ ಜೇನುಕುರುಬರ ಹಿರಿಯರು ಮಣ್ಣಾಗಿರುವುದು ಹಳೆಯ ಹಾಡಿಗಳ ಬಳಿ. ಇಲ್ಲಿ ಗುಡ್ಡೆಯ ಗುರುತು ಬರೀ ಭಕ್ತಿಯ ಮಾತಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು ಸ್ಮಶಾನವನ್ನು ಹಕ್ಕಿನ ಸಾಕ್ಷ್ಯಗಳಲ್ಲಿ ಒಂದಾಗಿ ಎಣಿಸುತ್ತವೆ. ಆದ್ದರಿಂದ ಒಬ್ಬರೇ ಹುಡುಕುವ ಬದಲು ಅರಣ್ಯ ಹಕ್ಕು ಸಮಿತಿಯ ಮೂಲಕ ಸ್ಥಳ ಪರಿಶೀಲನೆ ಮಾಡಿಸಿ, ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ.

*ದಂಡಿಗೆ ಹೋಗಿದ್ದರೆ:* ಎರಡು ಮಹಾಯುದ್ಧಗಳಲ್ಲಿ ಮಡಿದ ಭಾರತೀಯ ಸೈನಿಕರ ಹೆಸರುಗಳನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ದುಡ್ಡಿಲ್ಲದೆ ಹುಡುಕಬಹುದು. ಗೋರಿ ತಿಳಿಯದವರ, ದಹನವಾದವರ ಹೆಸರು ಸ್ಮಾರಕಗಳ ಮೇಲಿರಬಹುದು. ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ನಾಲ್ಕಾರು ಬಗೆಯಲ್ಲಿ ಹಾಕಿ ನೋಡಿ. ಬರೆದ ಗುಮಾಸ್ತನಿಗೆ ಕನ್ನಡ ಬರುತ್ತಿರಲಿಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

- ಈಗಿನ ಸ್ಮಶಾನವನ್ನೇ ಆಗಿನ ಸ್ಮಶಾನ ಎಂದುಕೊಳ್ಳುವುದು. ಜಾತಿಗೊಂದು ಜಾಗ ಇದ್ದ ಊರುಗಳಿವೆ, ಸ್ವಂತ ಹೊಲದಲ್ಲಿ ಮಣ್ಣು ಮಾಡಿದ ಮನೆಗಳಿವೆ. ಪ್ಲೇಗಿನ ಕಾಲದಲ್ಲಿ ಊರೇ ಹೊರಗೆ ಗುಡಿಸಲು ಹಾಕಿದಾಗ ಹೂಳಿದ್ದೂ ಅಲ್ಲೇ ಆಸುಪಾಸಿನಲ್ಲಿ ಇರಬಹುದು.
- ಜೆಸಿಬಿ ಓಡಿದ ಸ್ಮಶಾನದಲ್ಲಿ ತಗ್ಗು ಹುಡುಕುವುದು. ನೆಲ ಮಟ್ಟ ಮಾಡಿಸಿದ್ದಾರೆಯೇ, ಯಾವಾಗ ಎಂದು ಪಂಚಾಯಿತಿಯಲ್ಲಿ ಮೊದಲೇ ಕೇಳಿ. ಮಾಡಿಸಿದ್ದರೆ ಅಂಚುಗಳಲ್ಲಿ ಮಾತ್ರ ನೋಡಿ.
- ಶಾಸ್ತ್ರ ಕೇಳಿ ಜಾಗ ಗೊತ್ತು ಮಾಡುವುದು. ತೆಂಗಿನಕಾಯಿ ಹಿಡಿದು ನಡೆದವರು ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಅಲ್ಲೊಂದು ಕಲ್ಲು ನೆಟ್ಟರೆ ಮುಂದಿನ ತಲೆಮಾರು ಅದನ್ನೇ ನಿಜ ಎಂದುಕೊಳ್ಳುತ್ತದೆ.
- ಅಂದಾಜಿನ ಮೇಲೆ ಹೆಸರಿನ ಕಲ್ಲು ಹಾಕಿಸುವುದು. ಅದು ಇನ್ನೊಂದು ಮನೆಯವರ ಹಿರಿಯರ ಗುಡ್ಡೆ ಆಗಿದ್ದರೆ ಅವರ ಗುರುತನ್ನೂ ನೀವೇ ಅಳಿಸಿದಂತೆ.

ಎಚ್ಚರಿಕೆ

ಅಗೆಯಬೇಡಿ. ಹಾರೆ, ಕಬ್ಬಿಣದ ಸರಳು ಯಾವುದನ್ನೂ ಚುಚ್ಚಿ ನೋಡಬೇಡಿ. ಸ್ಮಶಾನಕ್ಕೆ ಅತಿಕ್ರಮವಾಗಿ ನುಗ್ಗಿ ಜನರ ಭಾವನೆಗೆ ನೋವಾಗುವಂತೆ ನಡೆದುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಮಿನಡಿ ಅಪರಾಧ. ಹೂತ ಹೆಣ ತೆಗೆಸುವುದು ಅಧಿಕಾರವುಳ್ಳ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಆಗುವ ಕೆಲಸವಲ್ಲ.

ಬೇರೆಯವರ ಜಮೀನಿಗೆ, ತೋಟಕ್ಕೆ ಹೋಗುವಾಗ ಮೊದಲೇ ಒಪ್ಪಿಗೆ ಕೇಳಿ. “ಭೂಮಿ ಮೇಲೆ ಹಕ್ಕು ಕೇಳಲು ಬಂದವರಲ್ಲ, ಕೈಮುಗಿದು ಹೋಗುತ್ತೇವೆ” ಎಂದು ಬಾಯಲ್ಲೂ ಹೇಳಿ, ಬೇಕೆಂದರೆ ಬರೆದೂ ಕೊಡಿ. ಮಾಲೀಕರ ಅನುಮಾನ ಅರ್ಧ ಅಲ್ಲೇ ಹೋಗುತ್ತದೆ. ಸಿದ್ದಾಪುರ, ತಿತಿಮತಿ ಸುತ್ತಿನ ತೋಟಗಳಲ್ಲಿ ಆನೆಗಳ ಓಡಾಟ ಇದೆ. ಓರೆ ಬಿಸಿಲು ಬೇಕೆಂದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಅಲ್ಲಿ ಸುತ್ತಬೇಡಿ. ತೋಟದವರೊಬ್ಬರನ್ನು ಕರೆದುಕೊಂಡು, ಅವರು ಹೇಳಿದ ಹೊತ್ತಿಗೇ ಹೋಗಿ.

ಎಲ್ಲಿ ನಿಲ್ಲಿಸಬೇಕು

ಹುಡುಕಾಟಕ್ಕೆ ಮೂರು ಮಟ್ಟ ಇಟ್ಟುಕೊಳ್ಳಿ: ಊರು, ಸ್ಮಶಾನ, ಗುಡ್ಡೆ. ಇಬ್ಬರ ಬೇರೆ ಬೇರೆ ನೆನಪು, ಒಂದು ದಾಖಲೆ, ನೆಲದ ಗುರುತು, ಈ ಮೂರೂ ಒಂದೇ ಕಡೆ ಕೂಡಿದರೆ ಮಾತ್ರ ಗುಡ್ಡೆ ಸಿಕ್ಕಿತು ಎನ್ನಿ. ನೆಲ ಕೈಕೊಟ್ಟರೆ ಸ್ಮಶಾನ ಸಿಕ್ಕಿತು ಎಂದು ನಿಲ್ಲಿಸಿ. ಅದರ ಅಂಚಿನಲ್ಲಿ ಮಾಲೀಕರ ಅಥವಾ ಪಂಚಾಯಿತಿಯ ಒಪ್ಪಿಗೆ ಪಡೆದು ಒಂದು ಗಿಡ ನೆಡಬಹುದು. ಬಹಳ ಮನೆಗಳ ಹುಡುಕಾಟ ಇಲ್ಲಿಗೇ ಬಂದು ನಿಲ್ಲುತ್ತದೆ. ಇದನ್ನು ಸೋಲು ಎಂದುಕೊಳ್ಳಬೇಕಾಗಿಲ್ಲ. ಎಡೆ ಇಡುವುದು ಮನೆಯಲ್ಲಿ. ಅದಕ್ಕೆ ಗುಡ್ಡೆಯ ವಿಳಾಸ ಬೇಕೆಂದು ಯಾವ ಹಿರಿಯರೂ ಹೇಳಿಲ್ಲ.

ಬರೆದಿಟ್ಟ ಹಾಳೆಯನ್ನು ಮಾತ್ರ ಜೋಪಾನ ಮಾಡಿ. ಜೊತೆಗೆ ಇನ್ನೊಂದು ಹಾಳೆಯಲ್ಲಿ ನಿಮ್ಮ ಅಪ್ಪ, ಅವ್ವನನ್ನು ಎಲ್ಲಿ ಮಣ್ಣು ಮಾಡಿದ್ದೀರಿ ಎಂಬುದನ್ನೂ ಸರ್ವೆ ನಂಬರ್ ಸಮೇತ ಬರೆದಿಡಿ. ಅದು ನಿಮಗೆ ಈಗ ಚೆನ್ನಾಗಿ ಗೊತ್ತಿರುವುದರಿಂದಲೇ ಬರೆಯದೆ ಬಿಟ್ಟಿರುತ್ತೀರಿ. ಮುತ್ತಾತನ ಮಕ್ಕಳಿಗೂ ಅವರ ಗುಡ್ಡೆ ಹೀಗೇ ಚೆನ್ನಾಗಿ ಗೊತ್ತಿತ್ತು.